ಪ್ರಯೋಗ ಹಂತದ ಸಾಧನಗಳು ಮತ್ತು ರೈತರ ಅಭಿಪ್ರಾಯ

(ಆಲಮಟ್ಟಿ ಭಾಗದ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪೂರ್ಣಪಾಠ)



ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಣೆಕಟ್ಟು ಕಟ್ಟಲು 1964ರಲ್ಲಿ ಅಡಿಗಲ್ಲು ಇಟ್ಟಾಗ ಈ ಸೀಮೆಯ ಒಕ್ಕಲುತನದಲ್ಲಿ ರಂಟೆ, ಕುಂಟೆ, ಕೂರಿಗೆಗಳೇ ಮುಖ್ಯ ಸಾಧನಗಳಾಗಿದ್ದವು. ಇಂದು ಕಾಲುವೆ ಹಾಗೂ ಏತ ನೀರಾವರಿಯ ನೀರು ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಎಷ್ಟೋ ಹೊಲಗಳನ್ನು ಮುಟ್ಟಿದೆ. ನೀರಿನ ಹಿಂದೆಯೇ ಹೊಸ ಸಾಧನಗಳೂ ಬರತೊಡಗಿವೆ. ಮೊಬೈಲ್ ಫೋನಿನಿಂದ ಪಂಪು ನಡೆಸುವ ಸ್ಟಾರ್ಟರು, ಮಣ್ಣಿನ ಹಸಿ ಅಳೆಯುವ ಸಂವೇದಕ, ಔಷಧಿ ಸಿಂಪಡಿಸುವ ಡ್ರೋನ್, ಬ್ಯಾಟರಿಯಿಂದ ನಡೆಯುವ ಕಳೆ ತೆಗೆಯುವ ಯಂತ್ರ, ಆಳು-ಕೂಲಿಯ ಲೆಕ್ಕ ಇಡುವ ಆ್ಯಪ್ ಮುಂತಾದವು ಇವುಗಳಲ್ಲಿ ಸೇರಿವೆ.

ಇವುಗಳಲ್ಲಿ ಅನೇಕ ಸಾಧನಗಳನ್ನು ತಯಾರಿಸುತ್ತಿರುವವರು ಸ್ಟಾರ್ಟ್‌ಅಪ್ ಎಂದು ಕರೆಯಲಾಗುವ ನವೋದ್ಯಮಗಳ ಯುವಕ ಯುವತಿಯರು. ಕೇಂದ್ರ ಸರ್ಕಾರವು 2016ರ ಜನವರಿಯಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಕಾರ್ಯಕ್ರಮವನ್ನು ಆರಂಭಿಸಿತು. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ 2018-19ರಿಂದ ಕೃಷಿಯ ನವೋದ್ಯಮಗಳಿಗೆ ತರಬೇತಿ ಮತ್ತು ಧನಸಹಾಯ ದೊರೆಯುವಂತಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ಇದಕ್ಕಾಗಿ ‘ಕೃಷಿಕ್’ ಎಂಬ ಕೇಂದ್ರವಿದೆ. ಇದರ ಪರಿಣಾಮವಾಗಿ, ಪೂರ್ತಿ ಸಿದ್ಧವಾಗದ, ಇನ್ನೂ ಪ್ರಯೋಗದ ಹಂತದಲ್ಲಿರುವ ಸಾಧನಗಳು ರೈತರ ಹೊಲಕ್ಕೆ ಬರುವುದು ಹೆಚ್ಚಾಗುತ್ತಿದೆ. ಅವುಗಳನ್ನು ತಂದವರು ರೈತರನ್ನು ಕೇಳುವ ಪ್ರಶ್ನೆ ಒಂದೇ: ‘ಇದು ಹೇಗಿದೆ?’

ಈ ಪ್ರಶ್ನೆಗೆ ಕೊಡುವ ಉತ್ತರ ಬಹಳ ಬೆಲೆಯುಳ್ಳದ್ದು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ರೈತರು ‘ಛಲೋ ಐತ್ರಿ’ ಎಂದು ಹೇಳಿ ಚಹಾ ಕುಡಿಸಿ ಕಳುಹಿಸುತ್ತಾರೆ. ಇಲ್ಲವೇ ‘ಇದು ನಮ್ಮ ಎರಿ ಭೂಮಿಗೆ ಆಗೂದಿಲ್ಲ ಬಿಡ್ರಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಎರಡರಿಂದಲೂ ತಯಾರಕನಿಗೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ಹೇಗೆ ನೋಡಬೇಕು, ಏನನ್ನು ಅಳೆಯಬೇಕು, ಹೇಗೆ ಹೇಳಬೇಕು ಎಂಬುದನ್ನು ತಿಳಿದುಕೊಳ್ಳುವುದು ಬಿತ್ತನೆಯ ವಿಧಾನ ತಿಳಿದುಕೊಳ್ಳುವಷ್ಟೇ ಅವಶ್ಯಕ.

ಆರಂಭದಲ್ಲಿಯೇ ಏಕೆ ಹೇಳಬೇಕು?

ಹಿಂದೆ ಊರಿನ ಬಡಿಗೇರ ಕೂರಿಗೆ ಮಾಡಿಕೊಡುತ್ತಿದ್ದ, ಕಂಬಾರ ಅದಕ್ಕೆ ಕಬ್ಬಿಣದ ಕೆಲಸ ಮಾಡುತ್ತಿದ್ದ. ತಾಳು ಸಡಿಲಾದರೆ, ಕಾಳು ಒಂದೇ ಕಡೆ ಹೆಚ್ಚು ಬಿದ್ದರೆ ರೈತ ಅದೇ ಸಂಜೆ ಬಡಿಗೇರನ ಮನೆಗೆ ಹೋಗಿ ಹೇಳುತ್ತಿದ್ದ. ಮರುದಿನ ಅದು ಸರಿಯಾಗುತ್ತಿತ್ತು. ಮಾಡುವವನು ಮತ್ತು ಬಳಸುವವನು ಒಂದೇ ಊರಿನವರಾದ್ದರಿಂದ ಸಾಧನ ಆ ಮಣ್ಣಿಗೆ, ಆ ಎತ್ತಿಗೆ, ಆ ಮನುಷ್ಯನ ಎತ್ತರಕ್ಕೆ ಹೊಂದಿಕೊಳ್ಳುತ್ತಾ ಬಂದಿತು.

ಇಂದು ಸಾಧನ ಮಾಡುವವರು ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುತ್ತಾರೆ. ಅವರು ಮೊದಲು ಕೈಯಿಂದಲೇ ಎರಡು ಮೂರು ಮಾದರಿಗಳನ್ನು ತಯಾರಿಸುತ್ತಾರೆ. ಈ ಹಂತದಲ್ಲಿ ಹಿಡಿಕೆಯನ್ನು ಎತ್ತರಿಸುವುದು, ಚಕ್ರ ಬದಲಿಸುವುದು, ಆ್ಯಪಿನ ಒಂದು ಪ್ರಶ್ನೆಯನ್ನು ತೆಗೆದು ಹಾಕುವುದು ಸುಲಭ. ಅಚ್ಚು ತಯಾರಾಗಿ ನೂರಾರು ಯಂತ್ರಗಳು ಹೊರಬಿದ್ದ ಮೇಲೆ ಅದೇ ಬದಲಾವಣೆಗೆ ಬಹಳ ಹಣ ಬೇಕಾಗುವುದು. ಕುಂಬಾರನ ತಿಗರಿಯ ಮೇಲಿರುವ ಹಸಿ ಮಣ್ಣನ್ನು ಬೆರಳಿನಿಂದ ತಿದ್ದಬಹುದು, ಸುಟ್ಟ ಮಡಿಕೆಯನ್ನು ತಿದ್ದಲಾಗದು. ರೈತರು ಹಸಿ ಮಣ್ಣಿನ ಹಂತದಲ್ಲಿ ಸುಮ್ಮನಿದ್ದರೆ, ಸುಟ್ಟ ಮಡಿಕೆಯನ್ನು ಮುಂದೆ ಸಾಲ ಮಾಡಿ ಕೊಳ್ಳುವವರೂ ಅವರೇ ಆಗುತ್ತಾರೆ.

ಈ ಜಿಲ್ಲೆಯ ಅನುಭವ

ಹೊಸ ವಿಧಾನವೊಂದನ್ನು ರೈತರ ಲೆಕ್ಕದಿಂದ ನೋಡದಿದ್ದರೆ ಏನಾಗುವುದೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ಹಳೆಯ ಉದಾಹರಣೆಯಿದೆ. 1933ರಲ್ಲಿ ಸೊಲ್ಲಾಪುರ ಮತ್ತು ಅಂದಿನ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಪ್ರಾರಂಭವಾದವು. ಬದು ಹಾಕುವುದು, ಆಳವಾಗಿ ಉಳುವುದು, ಅಂತರ ಹೆಚ್ಚಿಸಿ ಬಿತ್ತುವುದು, ಮೇಲಿಂದ ಮೇಲೆ ಎಡೆ ಹೊಡೆಯುವುದು ಮುಂತಾದ ಬೇಸಾಯ ಕ್ರಮಗಳು ಅಲ್ಲಿಂದ ರೂಪುಗೊಂಡವು. ಅವು ತಾಂತ್ರಿಕವಾಗಿ ಸರಿಯಾಗಿದ್ದವು. ಆದರೆ ಹೆಕ್ಟೇರಿಗೆ 200ರಿಂದ 400 ಕಿಲೋ ಇಳುವರಿ ಇದ್ದ ಕಾಲದಲ್ಲಿ ಈ ಕ್ರಮಗಳಿಂದ ಸಿಕ್ಕ ಹೆಚ್ಚಳ ಶೇಕಡ 15ರಿಂದ 20 ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಇದು ಸುಮಾರು 12ರಿಂದ 32 ಕಿಲೋ ಜೋಳ. ಅಷ್ಟು ಕಾಳಿಗಾಗಿ ಅಷ್ಟೊಂದು ದುಡಿಮೆ ಹಾಕಲು ರೈತರು ಮುಂದಾಗಲಿಲ್ಲ. ಅವರು ಹಟಮಾರಿಗಳೆಂದು ಇದರ ಅರ್ಥವಲ್ಲ. ಅವರ ಲೆಕ್ಕವೇ ಸರಿಯಾಗಿತ್ತು. ಮುಂದೆ ಸುಧಾರಿತ ತಳಿ, ಗೊಬ್ಬರ ಇವುಗಳೂ ಜೊತೆಗೂಡಿದ ಮೇಲೆಯೇ ತೇವ ಕಾಯುವ ಕೆಲಸಕ್ಕೆ ತಕ್ಕ ಪ್ರತಿಫಲ ಬರತೊಡಗಿತು.

ಇನ್ನೊಂದು ಉದಾಹರಣೆ ಜೋಳದ್ದು. ದೇಶದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 1964ರಲ್ಲಿ ಬಿಡುಗಡೆಯಾಯಿತು. ಸಂಕರಣ ಜೋಳಗಳು ಮುಂಗಾರಿನಲ್ಲಿ ಇಳುವರಿ ಹೆಚ್ಚಿಸಿದ್ದು ನಿಜ. ಆದರೆ ಹಿಂಗಾರಿಯ ಎರೆ ಭೂಮಿಯಲ್ಲಿ ರೈತರು 1930ರ ದಶಕದಲ್ಲಿ ಮೊಹೋಳದಲ್ಲಿ ಆರಿಸಿದ ಮಾಲದಂಡಿ 35-1 ತಳಿಯನ್ನೇ ದಶಕಗಳ ಕಾಲ ಬಿಡದೆ ಬಿತ್ತುತ್ತಾ ಬಂದರು. ಕಾಳಿನ ತೂಕದ ಜೊತೆಗೆ ರೊಟ್ಟಿಯ ರುಚಿ ಮತ್ತು ಮೆದುತನ, ಕಾಳಿನ ಬಿಳುಪು, ದನಗಳು ತಿನ್ನುವ ಕಣಿಕೆ, ಮಳೆ ಕೈಕೊಟ್ಟಾಗಲೂ ಬರುವ ಬೆಳೆ, ಇವೆಲ್ಲವನ್ನೂ ಅವರು ತೂಗಿ ನೋಡುತ್ತಿದ್ದರು. ರೊಟ್ಟಿ ಬಡಿಯುವ ತಾಯಂದಿರ ಮಾತು ಸಂಶೋಧನೆಯ ಲೆಕ್ಕದಲ್ಲಿ ಸೇರಲು ಕಾಲ ಹಿಡಿಯಿತು. ತಳಿಯೇ ಇರಲಿ, ಯಂತ್ರವೇ ಇರಲಿ, ಆ್ಯಪೇ ಇರಲಿ, ತಯಾರಿಸಿದವರು ಒಂದು ಗುಣವನ್ನು ನೋಡುತ್ತಿರುತ್ತಾರೆ. ಬಳಸುವವರು ಹತ್ತು ಗುಣಗಳನ್ನು ನೋಡುತ್ತಾರೆ. ಆ ಉಳಿದ ಒಂಬತ್ತನ್ನು ಬಾಯಿಬಿಟ್ಟು ಹೇಳುವುದೇ ಅಭಿಪ್ರಾಯ ಕೊಡುವ ಕೆಲಸ.

ಅಣ್ಣಿಗೇರಿಯ ಮಾದರಿ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಶ್ರೀ ಅಬ್ದುಲ್ ಖಾದರ್ ನಡಕಟ್ಟಿನ ಅವರು ರೈತರೂ ಹೌದು, ಸಾಧನಗಳನ್ನು ತಯಾರಿಸಿದವರೂ ಹೌದು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅವರ ಮೊದಲ ಸಾಧನ ಹೊಲದ್ದಲ್ಲ, ಹಾಸಿಗೆಯದು. ಬೆಳಗಿನ ಜಾವ ಏಳಲು ಗಡಿಯಾರದ ಗಂಟೆಯೊಂದೇ ಸಾಲದ ಕಾರಣ ಅವರು ಗಡಿಯಾರದ ಕೀಲಿಗೆ ಹಗ್ಗ ಕಟ್ಟಿ, ಗಂಟೆ ಬಾರಿಸಿ ಕೀಲಿ ಬಿಚ್ಚಿಕೊಂಡಂತೆ ನೀರಿನ ಬಾಟಲಿ ವಾಲಿ ಮುಖದ ಮೇಲೆ ನೀರು ಬೀಳುವಂತೆ ಮಾಡಿಕೊಂಡಿದ್ದರು. ಮುಂದೆ ಹುಣಸೆ ಹಣ್ಣಿನಿಂದ ಬೀಜ ಬಿಡಿಸುವ ಸಾಧನ, ಬೀಜ ಮತ್ತು ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ ಮುಂತಾದವನ್ನು ರೂಪಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅವರಿಗೆ ಬೇರೆಯವರ ಅಭಿಪ್ರಾಯಕ್ಕಾಗಿ ಕಾಯಬೇಕಾಗಿರಲಿಲ್ಲ. ಮುಖದ ಮೇಲೆ ನೀರು ಬಿತ್ತೋ ಇಲ್ಲವೋ, ಬೀಜ ಸರಿಯಾಗಿ ಬಿತ್ತೋ ಇಲ್ಲವೋ ಎಂಬುದು ಮಾಡಿದವರಿಗೇ ಆ ಕ್ಷಣ ತಿಳಿಯುತ್ತಿತ್ತು. ಊರ ಹೊರಗಿನಿಂದ ಬರುವ ನವೋದ್ಯಮಿಗೆ ಈ ಅನುಕೂಲವಿಲ್ಲ. ಅವನ ಯಂತ್ರಕ್ಕೂ ಹೊಲಕ್ಕೂ ನಡುವೆ ಇರುವ ಸೇತುವೆ ರೈತನ ಮಾತೊಂದೇ. ಸೇತುವೆ ಗಟ್ಟಿಯಾಗಿದ್ದರೆ ಸಾಧನ ಬೇಗ ಸುಧಾರಿಸುವುದು.

ಮೊದಲು ಕೇಳಬೇಕಾದ ಪ್ರಶ್ನೆ

ಯಾರಾದರೂ ಹೊಸ ಸಾಧನ ತಂದಾಗ ‘ಇದು ಪರೀಕ್ಷೆಯೋ, ಪ್ರಾತ್ಯಕ್ಷಿಕೆಯೋ?’ ಎಂದು ಮೊದಲು ಕೇಳಬೇಕು. ಕೃಷಿ ವಿಜ್ಞಾನ ಕೇಂದ್ರಗಳ ಕೆಲಸದಲ್ಲಿ ಈ ಎರಡನ್ನೂ ಬೇರೆಯಾಗಿಯೇ ಇಟ್ಟಿದ್ದಾರೆ. ಒಂದು ತಾಂತ್ರಿಕತೆ ಈ ಭಾಗಕ್ಕೆ ಹೊಂದುವುದೋ ಇಲ್ಲವೋ ಎಂದು ರೈತರ ಹೊಲದಲ್ಲಿ ನೋಡುವುದು ಕ್ಷೇತ್ರ ಪರೀಕ್ಷೆ. ಹೊಂದುವುದೆಂದು ಖಚಿತವಾದುದನ್ನು ಹತ್ತು ಜನರಿಗೆ ತೋರಿಸುವುದು ಮುಂಚೂಣಿ ಪ್ರಾತ್ಯಕ್ಷಿಕೆ. ಪರೀಕ್ಷೆಯಾದರೆ ದೋಷ ಕಂಡುಹಿಡಿಯುವುದೇ ರೈತನ ಕೆಲಸ. ಅಲ್ಲಿ ದೋಷ ಹೇಳುವುದು ಅವಮರ್ಯಾದೆಯಲ್ಲ. ಪ್ರಾತ್ಯಕ್ಷಿಕೆ ಎಂದು ಹೇಳಿ ಪರೀಕ್ಷೆಯ ಸಾಧನವನ್ನು ತಂದಿದ್ದರೆ ಅಂಥವರ ಬಗ್ಗೆ ಎಚ್ಚರ ವಹಿಸಬೇಕು.

ಯಾವ ಸಾಧನದಲ್ಲಿ ಏನನ್ನು ನೋಡಬೇಕು?

1. ಬಿತ್ತುವ ಮತ್ತು ಕಳೆ ತೆಗೆಯುವ ಯಂತ್ರಗಳು: ಹೊಸ ಯಂತ್ರವನ್ನು ಇಡೀ ಹೊಲಕ್ಕೆ ಬಳಸದೆ ಕೆಲವೇ ಸಾಲುಗಳಿಗೆ ಬಳಸಿ, ಪಕ್ಕದಲ್ಲಿಯೇ ರೂಢಿಯ ವಿಧಾನದ ಸಾಲುಗಳನ್ನು ಇಡಬೇಕು. ಹಿಂಗಾರಿ ಜೋಳದಲ್ಲಿ ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಅಂತರ ಇಟ್ಟರೆ 10 ಅಡಿ ಸಾಲಿನಲ್ಲಿ ಸುಮಾರು 20 ಸಸಿಗಳಿರಬೇಕು. ಹೊಲದ ನಾಲ್ಕಾರು ಕಡೆ 10 ಅಡಿ ಅಳೆದು ಎರಡೂ ವಿಧಾನದ ಸಸಿಗಳನ್ನು ಎಣಿಸಿದರೆ ವಾದಕ್ಕೆ ಆಸ್ಪದವಿರುವುದಿಲ್ಲ. ಎಕರೆಗೆ ಹಿಡಿದ ಗಂಟೆ, ಇಂಧನ, ಆಳುಗಳ ಸಂಖ್ಯೆ ಬರೆದಿಡಬೇಕು. ಮಣ್ಣು ಹಸಿಯಿದ್ದಾಗ ಚಕ್ರಕ್ಕೆ ಮೆತ್ತಿಕೊಳ್ಳುವುದೋ, ಒಣಗಿದಾಗ ಹೆಂಟೆಗಳ ಮೇಲೆ ಜಿಗಿಯುವುದೋ ನೋಡಬೇಕು. ಎರೆ ಭೂಮಿಯಲ್ಲಿ ಇವೆರಡರ ನಡುವಿನ ಹದ ಕೆಲವೇ ದಿನ ಇರುವುದರಿಂದ ಒಂದೇ ದಿನದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಕಳೆ ತೆಗೆಯುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಆದುದರಿಂದ ಹಿಡಿಕೆಯ ಎತ್ತರ, ಯಂತ್ರದ ಭಾರ, ಎರಡು ತಾಸು ದುಡಿದ ಮೇಲಿನ ಕೈನೋವು ಇವುಗಳ ಬಗ್ಗೆ ಅವರನ್ನೇ ಕೇಳಬೇಕು. ಮನೆಯ ಯಜಮಾನನು ಅವರ ಪರವಾಗಿ ಉತ್ತರ ಹೇಳಬಾರದು.

2. ಮಣ್ಣಿನ ಹಸಿ ತೋರಿಸುವ ಸಂವೇದಕಗಳು: ಎರೆ ಭೂಮಿ ಒಣಗಿದಾಗ ಬಿರಿಯುತ್ತದೆ. ಸಂವೇದಕದ ಕಡ್ಡಿಯ ಸುತ್ತ ಬಿರುಕು ಬಿಟ್ಟು ಗಾಳಿ ಸೇರಿದರೆ, ಮಣ್ಣಿನಲ್ಲಿ ಹಸಿ ಇದ್ದರೂ ಒಣಗಿದೆ ಎಂದು ಅದು ತೋರಿಸಬಹುದು. ಕಾಲುವೆ ನೀರಿನಿಂದ ಸವಳಾದ ಜಮೀನಿನಲ್ಲಿ ಉಪ್ಪಿನ ಕಾರಣದಿಂದಲೂ ಅಂಕಿ ತಪ್ಪಬಹುದು. ಬೇರೆ ಮಣ್ಣಿನಲ್ಲಿ ಹೊಂದಿಸಿ ತಂದ ಉಪಕರಣ ಇಲ್ಲಿ ಹಾಗೆಯೇ ನಡೆಯುವುದೆಂದು ಹೇಳಲಾಗದು. ನೀರು ಹಾಯಿಸುವ ಮುಂಚೆ, ಹಾಯಿಸಿದ ಮರುದಿನ ಮತ್ತು ಒಂದು ವಾರದ ನಂತರ ಅರ್ಧ ಅಡಿ ಆಳದ ಮಣ್ಣು ತೆಗೆದು ಅಂಗೈಯಲ್ಲಿ ಉಂಡೆ ಕಟ್ಟಿ ನೋಡಿ, ಅದೇ ಹೊತ್ತಿನ ಯಂತ್ರದ ಅಂಕಿಯನ್ನು ಪಕ್ಕದಲ್ಲಿ ಬರೆಯಬೇಕು. ಈ ಚಿಕ್ಕ ಪಟ್ಟಿ ತಯಾರಕನಿಗೆ ದೊಡ್ಡ ಉಪಕಾರ ಮಾಡುವುದು.

3. ಡ್ರೋನ್ ಸಿಂಪರಣೆ: ಬೆನ್ನಿಗೆ ಕಟ್ಟಿಕೊಳ್ಳುವ ಪಂಪಿನಲ್ಲಿ ಎಕರೆಗೆ ನೂರು ಲೀಟರಿಗಿಂತ ಹೆಚ್ಚು ದ್ರಾವಣ ಬೇಕಾದರೆ ಡ್ರೋನಿನಲ್ಲಿ ಸುಮಾರು 10 ಲೀಟರಿನಲ್ಲಿಯೇ ಮುಗಿಸುತ್ತಾರೆ. ಆದ್ದರಿಂದ ಔಷಧಿ ಎಲೆಯ ಅಡಿಗೆ, ಗಿಡದ ಕೆಳಭಾಗಕ್ಕೆ ಮುಟ್ಟಿತೇ ಎಂಬುದು ಮುಖ್ಯ ಪ್ರಶ್ನೆ. ಬಣ್ಣ ಬೆರೆಸಿದ ಬರೀ ನೀರನ್ನು ಮೊದಲು ಸಿಂಪಡಿಸಿ, ಗಿಡದ ಮೇಲೆ, ನಡುವೆ ಹಾಗೂ ಕೆಳಗೆ ಕಟ್ಟಿದ ಬಿಳಿ ಕಾಗದದ ತುಂಡುಗಳಲ್ಲಿ ಹನಿಗಳನ್ನು ನೋಡಬಹುದು. ಪಕ್ಕದ ದ್ರಾಕ್ಷಿ ತೋಟಕ್ಕೆ ಹನಿ ಹಾರಿತೇ ಎಂಬುದನ್ನೂ ಹೀಗೆಯೇ ತಿಳಿಯಬಹುದು.

4. ಮೊಬೈಲ್ ಆ್ಯಪುಗಳು: ಇಲ್ಲಿ ಮೊದಲ ಪರೀಕ್ಷೆ ಭಾಷೆಯದು. ಕನ್ನಡದಲ್ಲಿದೆ ಎಂದ ಮಾತ್ರಕ್ಕೆ ಅದು ಈ ಸೀಮೆಯ ಕನ್ನಡದಲ್ಲಿದೆ ಎಂದಾಗುವುದಿಲ್ಲ. ದಕ್ಷಿಣದವರ ಈರುಳ್ಳಿ ಇಲ್ಲಿ ಉಳ್ಳಾಗಡ್ಡಿ. ಅವರ ಕಡಲೆಕಾಯಿ ಇಲ್ಲಿ ಶೇಂಗಾ. ಮೆಕ್ಕೆಜೋಳ ಇಲ್ಲಿ ಗೋವಿನಜೋಳ. ‘ಕಡ್ಲಿಗೆ ಹುಳ ಬಿದ್ದೈತಿ’ ಎಂದು ಸಿಂದಗಿಯ ರೈತ ಫೋನಿಗೆ ಹೇಳಿದಾಗ ಆ್ಯಪ್ ಶೇಂಗಾದ ಔಷಧಿ ಸೂಚಿಸಿದರೆ ಅದು ಬರೀ ಭಾಷೆಯ ತಪ್ಪಾಗಿ ಉಳಿಯುವುದಿಲ್ಲ, ಬೆಳೆಯ ನಷ್ಟವಾಗುವುದು. ಆ್ಯಪ್ ಹೆಕ್ಟೇರಿನಲ್ಲಿ ಕೇಳುತ್ತಿದೆಯೋ ಎಕರೆ-ಗುಂಟೆಯಲ್ಲಿ ಕೇಳುತ್ತಿದೆಯೋ, ಬಿಸಿಲಿನಲ್ಲಿ ಅಕ್ಷರ ಕಾಣುವುದೋ, ಹೊಲದಲ್ಲಿ ನೆಟ್‌ವರ್ಕ್ ಇಲ್ಲದಾಗ ತುಂಬಿದ ಮಾಹಿತಿ ಅಳಿಸಿಹೋಗುವುದೋ, ಹಳೆಯ ಫೋನಿನಲ್ಲಿ ತೆರೆಯುವುದೋ ಎಂಬುದನ್ನು ನೋಡಬೇಕು. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರವು ರೈತರೇ ತಮ್ಮ ಬೆಳೆಯ ಸಮೀಕ್ಷೆ ಮಾಡುವ ಆ್ಯಪನ್ನು ಜಾರಿಗೆ ತಂದಾಗಿನಿಂದ ಹೊಲದಲ್ಲಿಯೇ ನಿಂತು ಫೋಟೋ ತೆಗೆಯುವುದು ಅನೇಕರಿಗೆ ರೂಢಿಯಾಗಿದೆ. ಆ ಅನುಭವವನ್ನು ಇಲ್ಲಿಯೂ ಬಳಸಿಕೊಳ್ಳಬಹುದು.

5. ಲೆಕ್ಕ ಮತ್ತು ಕೆಲಸ ಹಂಚುವ ಸಾಧನಗಳು: ಆಳುಗಳ ಹಾಜರಿ, ಕೂಲಿ, ಮುಂಗಡ, ನೀರಿನ ಸರದಿ, ಗೊಬ್ಬರದ ಖರ್ಚು ಇವುಗಳನ್ನು ಬರೆದಿಡುವ ಆ್ಯಪುಗಳು ಸಮಯ ಉಳಿಸುತ್ತವೆ ಎಂದು ಹೇಳಿಕೊಳ್ಳುತ್ತವೆ. ಇವುಗಳಿಗೆ ಒಂದೇ ಪರೀಕ್ಷೆ ಸಾಕು. ಹದಿನೈದು ದಿನ ಆ್ಯಪಿನಲ್ಲಿಯೂ ಮನೆಯ ಲೆಕ್ಕದ ಪುಸ್ತಕದಲ್ಲಿಯೂ ಬರೆಯಬೇಕು. ದಿನಕ್ಕೆ ಯಾವುದಕ್ಕೆ ಎಷ್ಟು ನಿಮಿಷ ಹಿಡಿಯಿತು, ಶನಿವಾರ ಕೂಲಿ ಬಟವಾಡೆ ಮಾಡುವಾಗ ಯಾವುದನ್ನು ತೆರೆದು ನೋಡಲಾಯಿತು ಎಂದು ಗಮನಿಸಬೇಕು. ಹತ್ತನೆಯ ದಿನಕ್ಕೆ ಆ್ಯಪ್ ಬಿಟ್ಟುಹೋಗಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ‘ಎಂಟು ದಿನ ಬರೆದೆ, ಆಮೇಲೆ ಬಿಟ್ಟೆ’ ಎಂಬ ಮಾತಿನಲ್ಲಿರುವ ತಿಳಿವಳಿಕೆ ‘ಬಹಳ ಉಪಯುಕ್ತ’ ಎಂಬ ಹೊಗಳಿಕೆಯಲ್ಲಿ ಇಲ್ಲ.

ಹೇಳುವ ಬಗೆ

ಹೇಗೆ ಹೇಳಬೇಕೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರು. ಮಳೆಗಾಲದಲ್ಲಿ ತುಂಬಿದ ಹಿನ್ನೀರು ಬೇಸಿಗೆಯ ಹೊತ್ತಿಗೆ ಬಹಳ ಹಿಂದೆ ಸರಿಯುತ್ತದೆ. ದಂಡೆಯ ರೈತರು ನೀರು ಇಳಿದಂತೆ ಮೋಟಾರು ಮತ್ತು ಪೈಪುಗಳನ್ನು ಕೆಳಗೆ ಒಯ್ಯಬೇಕಾಗುವುದು. ಇಂಥ ರೈತನೊಬ್ಬನ ಪಂಪಿಗೆ ಹುಬ್ಬಳ್ಳಿಯ ಯುವಕನೊಬ್ಬ ಮೊಬೈಲ್ ಸ್ಟಾರ್ಟರು ಜೋಡಿಸಿ, ತಿಂಗಳ ನಂತರ ಬಂದು ಕೇಳುತ್ತಾನೆ ಎಂದು ಎಣಿಸಿಕೊಳ್ಳಬಹುದು.

‘ಕಾಕಾರ, ಸ್ಟಾರ್ಟರ್ ಹ್ಯಾಂಗ ನಡದೈತ್ರಿ?’

‘ಛಲೋ ನಡದೈತಿ ತಮ್ಮಾ.’

ಇಷ್ಟಕ್ಕೇ ಮಾತು ಮುಗಿದರೆ ಯುವಕ ಅದೇ ಪೆಟ್ಟಿಗೆಯನ್ನು ಸಾವಿರ ಸಂಖ್ಯೆಯಲ್ಲಿ ಮಾಡಿಸುವನು. ಅದೇ ರೈತ ಹೀಗೆ ಹೇಳಿದನೆಂದು ತಿಳಿಯಿರಿ:

‘ರಾತ್ರಿ ಹೊಳಿ ದಂಡಿಗೆ ಹೋಗೂದು ತಪ್ಪೇತಿ, ಹಾವು ಹುಳದ ಅಂಜಿಕಿ ಇಲ್ಲ. ಅದು ಖರೆ. ಆದ್ರ ಹೋದ ಮಂಗಳವಾರ ರಾತ್ರಿ ಎರಡಕ್ಕ ಮೋಟರ್ ಚಾಲೂ ಆಗೇತಿ ಅಂತ ಫೋನಿಗೆ ಬಂತು. ಮುಂಜಾನೆ ಹೋಗಿ ನೋಡಿದ್ರ ಹೊಲ ಒಣಗೇ ಇತ್ತು. ಫುಟ್‌ವಾಲ್ ಸೋರಿ ಪೈಪಿನ್ಯಾಗ ನೀರ ಇರಲಿಲ್ಲ. ಮೋಟರ್ ತಿರುಗೇತಿ, ನೀರು ಎತ್ತಿಲ್ಲ. ಇನ್ನೊಂದು, ಹೊಳಿ ಇಳದಂಗ ನಾವು ಮೋಟರ್ ಕೆಳಗ ಒಯ್ತೀವಿ. ನೀ ಡಬ್ಬಿ ಕಂಬಕ್ಕ ಬಡದು ಹೋಗಿ. ಬ್ಯಾಸಗಿ ಒಳಗ ಅದನ್ನ ಹ್ಯಾಂಗ ಒಯ್ಯೂದು ತಮ್ಮಾ?’

ಈ ಉತ್ತರದಲ್ಲಿ ಹೊಗಳಿಕೆ ಇದೆ, ಆದರೆ ಯಾವುದಕ್ಕೆ ಎಂಬುದು ಸ್ಪಷ್ಟವಾಗಿದೆ. ದೋಷವಿದೆ, ಆದರೆ ದಿನ, ಹೊತ್ತು, ಕಾರಣ ಸಹಿತವಾಗಿದೆ. ಮೋಟಾರು ತಿರುಗುವುದು ಬೇರೆ, ನೀರು ಬರುವುದು ಬೇರೆ ಎಂಬ ಮುಖ್ಯ ಅಂಶ ತಯಾರಕನಿಗೆ ತಿಳಿಯಿತು. ನೀರಿಲ್ಲದೆ ತಿರುಗುವ ಪಂಪಿನ ಮೋಟಾರು ಎಳೆಯುವ ವಿದ್ಯುತ್ ಪ್ರವಾಹ ಕಡಿಮೆಯಾಗುತ್ತದೆ. ಅದನ್ನು ಅಳೆದು ಮೋಟಾರನ್ನು ತಾನಾಗಿಯೇ ನಿಲ್ಲಿಸಿ, ರೈತನಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಸಾಧ್ಯವಿದೆ. ಪೆಟ್ಟಿಗೆಯನ್ನು ಬಿಚ್ಚಿ ಒಯ್ಯುವಂತೆ ಮಾಡುವುದೂ ಸಾಧ್ಯವಿದೆ. ಈ ಎರಡೂ ಸುಧಾರಣೆಗಳು ಹುಬ್ಬಳ್ಳಿಯ ಕಾರ್ಯಾಗಾರದಲ್ಲಿ ಕುಳಿತು ಹೊಳೆಯುವಂಥವಲ್ಲ.

ಈ ಉದಾಹರಣೆಯಿಂದ ಕೆಲವು ನಿಯಮಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು.

(1) ಅನಿಸಿದ್ದಕ್ಕಿಂತ ಮೊದಲು ನಡೆದದ್ದನ್ನು ಹೇಳಬೇಕು. ಯಾವ ದಿನ, ಎಲ್ಲಿ, ಏನು ಮಾಡುವಾಗ, ಏನಾಯಿತು ಎಂಬ ಕ್ರಮ ಒಳ್ಳೆಯದು.

(2) ಸಾಧನ ಕೆಟ್ಟಾಗ ಅಥವಾ ಇಲ್ಲದಾಗ ಆ ಕೆಲಸವನ್ನು ಹೇಗೆ ಮಾಡಿಕೊಂಡಿರಿ ಎಂಬುದನ್ನೂ ತಿಳಿಸಬೇಕು. ಹೊಸ ಸಾಧನದ ನಿಜವಾದ ಎದುರಾಳಿ ಆ ಹಳೆಯ ವಿಧಾನವೇ.

(3) ‘ಇದಕ್ಕೆ ಇನ್ನೊಂದು ಗುಂಡಿ ಇಡಿ’ ಎಂದು ಪರಿಹಾರ ಹೇಳುವ ಮುನ್ನ ತೊಂದರೆಯನ್ನು ಪೂರ್ತಿ ವಿವರಿಸಬೇಕು. ತೊಂದರೆ ತಿಳಿದರೆ ತಯಾರಕನಿಗೆ ಅದಕ್ಕಿಂತ ಸುಲಭದ ದಾರಿ ಕಾಣಬಹುದು.

(4) ಇಲ್ಲದಿದ್ದರೆ ನಡೆಯದ ದೋಷ ಯಾವುದು, ಇದ್ದರೆ ಒಳ್ಳೆಯದೆನ್ನುವ ಬಯಕೆ ಯಾವುದು ಎಂದು ಬೇರೆ ಮಾಡಿ ಹೇಳಬೇಕು. ಇಪ್ಪತ್ತು ದೂರುಗಳ ಪಟ್ಟಿಗಿಂತ ಮುಖ್ಯವಾದ ಎರಡು ದೂರುಗಳು ಹೆಚ್ಚು ಫಲಕಾರಿ.

(5) ‘ಬೆಲೆ ಕಡಿಮೆಯಾದರೆ ಕೊಳ್ಳುತ್ತೇನೆ’ ಎಂಬ ಮಾತನ್ನು ದಾಕ್ಷಿಣ್ಯಕ್ಕಾಗಿ ಆಡಬಾರದು. ಇಷ್ಟು ಬೆಲೆಗೆ, ಇಂಥ ತಿಂಗಳಲ್ಲಿ, ಕೈಯಿಂದ ಹಣ ಕೊಟ್ಟು ಕೊಳ್ಳುವೆನೋ, ಬಾಡಿಗೆಗೆ ಮಾತ್ರ ತರುವೆನೋ ಎಂದು ಯೋಚಿಸಿ ಹೇಳಬೇಕು. ದಾಕ್ಷಿಣ್ಯದ ಮಾತನ್ನು ನಂಬಿ ಸಾಲ ಮಾಡಿದ ಯುವಕನೂ ಹಾಳಾಗುವನು.

(6) ಸಾಧನವನ್ನು ಟೀಕಿಸಬೇಕು, ತಂದವರನ್ನು ಹೀಯಾಳಿಸಬಾರದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯಿದೆ. ಮೊದಲ ಮಾದರಿಯಲ್ಲಿ ದೋಷಗಳು ಇದ್ದೇ ಇರುತ್ತವೆ. ಅವನ್ನು ನೋಡಿ ನಕ್ಕರೆ ಅವನು ಇನ್ನೊಮ್ಮೆ ಈ ಕಡೆಗೆ ಬರುವುದಿಲ್ಲ. ಹೊಲದ ತೊಂದರೆ ಹಾಗೆಯೇ ಉಳಿಯುವುದು.

ರೈತರು ವಹಿಸಬೇಕಾದ ಎಚ್ಚರಿಕೆ

ಪರೀಕ್ಷೆಗೆ ಸಹಕರಿಸುವುದೆಂದರೆ ನಷ್ಟವನ್ನು ತಲೆಯ ಮೇಲೆ ಎಳೆದುಕೊಳ್ಳುವುದಲ್ಲ. ಪರೀಕ್ಷೆ ಕೆಲವು ಗುಂಟೆಗಳಲ್ಲಿ ಮಾತ್ರ ಇರಲಿ. ಬೆಳೆ ಹಾಳಾದರೆ, ಮೋಟಾರು ಸುಟ್ಟರೆ ಖರ್ಚು ಯಾರದು ಎಂಬುದನ್ನು ಮೊದಲೇ ಕನ್ನಡದಲ್ಲಿ ಬರೆಸಿಕೊಳ್ಳಬೇಕು. ಪರೀಕ್ಷೆಯ ಹಂತದ ಸಾಧನಕ್ಕೆ ಮುಂಗಡ ಹಣ ಕೊಡಬಾರದು. ವಿದ್ಯುತ್ ಜೋಡಣೆಯನ್ನು ತಿಳಿದವರಿಂದಲೇ ಮಾಡಿಸಬೇಕು. ಡ್ರೋನ್ ನಡೆಸುವವರಿಗೆ 2021ರ ಡ್ರೋನ್ ನಿಯಮಗಳಂತೆ ಬೇಕಾದ ಪ್ರಮಾಣಪತ್ರ ಇದೆಯೇ ಎಂದು ಕೇಳಬೇಕು. ಔಷಧಿಯ ಪ್ರಮಾಣವನ್ನು ಯಾರದೋ ಮಾತು ಕೇಳಿ ಬದಲಿಸಬಾರದು.

ಆ್ಯಪಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಜೋಳದ ಹುಳ ಗುರುತಿಸುವ ಆ್ಯಪಿಗೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಹಣಿ ಯಾವುದೂ ಬೇಕಾಗಿಲ್ಲ. ಫೋನಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬಾರದು. ಸಂಸತ್ತು 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯಿದೆಯನ್ನು ಅಂಗೀಕರಿಸಿದೆ. ಮಾಹಿತಿ ಪಡೆಯಲು ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂಬುದು ಅದರ ತಿರುಳು. ಯಾವ ಮಾಹಿತಿ, ಯಾತಕ್ಕಾಗಿ, ಎಷ್ಟು ದಿನ ಎಂದು ಕೇಳುವುದು ರೈತನ ಹಕ್ಕು.

ತಯಾರಕರ ಹೊಣೆ

ಈ ಮಾತು ಸಾಧನ ತರುವ ಯುವಕರಿಗೂ ಸೇರಿದ್ದು. ‘ಹೇಗಿದೆ?’ ಎಂದು ಕೇಳಿದರೆ ‘ಛಲೋ ಐತಿ’ ಎಂಬ ಉತ್ತರವೇ ಬರುವುದು. ಅದರ ಬದಲು ‘ಕೊನೆಗೆ ಯಾವಾಗ ಬಳಸಿದಿರಿ? ಆಗ ಏನಾಯಿತು?’ ಎಂದು ಕೇಳಬೇಕು. ಸಾಧ್ಯವಾದರೆ ಕೇಳುವುದಕ್ಕಿಂತ ಬದುವಿನ ಮೇಲೆ ನಿಂತು, ಅವರು ಬಳಸುವುದನ್ನು ಅರ್ಧ ದಿನ ಸುಮ್ಮನೆ ನೋಡಬೇಕು. ಬಿತ್ತನೆಯ ಹದ ಬಂದ ದಿನ ಬಂದು ರೈತರನ್ನು ಪ್ರಶ್ನೆ ಕೇಳುತ್ತಾ ನಿಲ್ಲಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ರೈತ ಹೇಳಿದ ಮೇಲೆ ಏನನ್ನು ಬದಲಿಸಲಾಯಿತು, ಏನನ್ನು ಬದಲಿಸಲಾಗಲಿಲ್ಲ, ಏಕೆ ಎಂಬುದನ್ನು ಮರಳಿ ಬಂದು ತಿಳಿಸಬೇಕು. ಒಮ್ಮೆ ಹೇಳಿದ ಮಾತು ಗಾಳಿಗೆ ಹೋಯಿತೆಂದು ಕಂಡರೆ ರೈತ ಎರಡನೆಯ ಬಾರಿ ಬಾಯಿ ತೆರೆಯುವುದಿಲ್ಲ.

ಯಾರಿಗೆ ಹೇಳಬೇಕು?

ಸಾಧನ ತಂದವರಿಗೆ ನೇರವಾಗಿ ಹೇಳುವುದರ ಜೊತೆಗೆ, ಬರೆದಿಟ್ಟ ಪಟ್ಟಿಯ ಒಂದು ಪ್ರತಿಯನ್ನು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೊಡುವುದು ಉತ್ತಮ. ಕೃಷಿ ಮೇಳಗಳಲ್ಲಿ ಮಳಿಗೆಯ ಮುಂದೆ ಯಂತ್ರ ನೋಡಿ ಮುಂದೆ ಸಾಗುವ ಬದಲು, ಈ ಮಣ್ಣಿನಲ್ಲಿ ಪರೀಕ್ಷಿಸಿದ್ದೀರಾ ಎಂದು ನಿಂತು ಕೇಳಬೇಕು. ನೀರು ಬಳಕೆದಾರರ ಸಂಘ, ರೈತ ಉತ್ಪಾದಕರ ಕಂಪನಿ, ಸ್ತ್ರೀಶಕ್ತಿ ಗುಂಪುಗಳಲ್ಲಿ ನಾಲ್ಕೈದು ಜನ ಒಂದೇ ಸಾಧನವನ್ನು ಬೇರೆ ಬೇರೆ ಹೊಲದಲ್ಲಿ ನೋಡಿ, ಒಂದೆಡೆ ಕುಳಿತು ಚರ್ಚಿಸಿದರೆ ಅಭಿಪ್ರಾಯಕ್ಕೆ ಇನ್ನಷ್ಟು ತೂಕ ಬರುವುದು. ಒಬ್ಬರ ಹೊಲದಲ್ಲಿ ಕಂಡ ದೋಷ ಮಣ್ಣಿನದೋ, ಬಳಸಿದ ರೀತಿಯದ್ದೋ, ಯಂತ್ರದ್ದೋ ಎಂಬುದು ಆಗಲೇ ತಿಳಿಯುವುದು.

ರೈತ ಬಾಂಧವರೇ, ಇಂಡಿಯ ನಿಂಬೆ ತೋಟ, ಸಿಂದಗಿಯ ತೊಗರಿ ಹೊಲ, ಬಾಗೇವಾಡಿಯ ಉಳ್ಳಾಗಡ್ಡಿ, ಮುದ್ದೇಬಿಹಾಳದ ಹಿಂಗಾರಿ ಜೋಳ, ಆಲಮಟ್ಟಿಯ ಹಿನ್ನೀರಿನ ದಂಡೆ, ಇವು ಒಂದೊಂದರ ಗುಣವೂ ಬೇರೆ. ಅದನ್ನು ತಿಳಿದವರು ಅಲ್ಲಿ ದುಡಿಯುವವರೇ. ಮುಂದಿನ ಸಲ ಯಾರಾದರೂ ಅರ್ಧ ಸಿದ್ಧವಾದ ಸಾಧನದೊಂದಿಗೆ ಹೊಲದ ಬದುವಿಗೆ ಬಂದಾಗ ಚಹಾ ಅವಶ್ಯ ಕೊಡಿರಿ. ಜೊತೆಗೆ ಹದಿನೈದು ದಿನ ಬರೆದಿಟ್ಟ ಒಂದು ಹಾಳೆಯನ್ನೂ ಕೊಡಿರಿ. ಅವರ ಸಾಧನಕ್ಕೂ ನಿಮ್ಮ ಹೊಲಕ್ಕೂ ಹೆಚ್ಚು ಪ್ರಯೋಜನ ಆ ಹಾಳೆಯಿಂದಲೇ ಆಗುವುದು.